ಕೊಳ್ಳದ ಕಾರಿಗೆ ಅಳೆದ ಉಬ್ಬು

ಇಂದು ಬೆಳಿಗ್ಗೆ ಮಗಳನ್ನೂ ಅವಳ ಇಬ್ಬರು ಗೆಳತಿಯರನ್ನೂ ಸಿಇಟಿ ಕೋಚಿಂಗಿಗೆ ಬಿಡಲೆಂದು ಕಾರನ್ನು ಗೇಟಿನಿಂದ ಹೊರತೆಗೆದು ಇಪ್ಪತ್ತು ಅಡಿ ಸಾಗಿದ್ದೆನೋ ಇಲ್ಲವೋ, ಹಿತ್ತಾಳೆಯ ಕೊಡವನ್ನು ಕಲ್ಲಿನ ಮೇಲೆ ದರದರನೆ ಎಳೆದಂತಹ ಸದ್ದು ನನ್ನ ಸೀಟಿನ ಕೆಳಗಿನಿಂದಲೇ ಬಂದಿತು. ಇಳಿದು ನೋಡಿದರೆ ಸೈಲೆನ್ಸರ್ ಒಂದು ಕೊಂಡಿ ಕಳಚಿಕೊಂಡು ನೆಲಕ್ಕೆ ಮುಖ ಕೊಟ್ಟು ಮಲಗಿತ್ತು. ರಸ್ತೆಯಲ್ಲಿ ಯಾರೋ ಒದ್ದೆ ಗೋಣಿಚೀಲ ಬಿಸಾಡಿ ಹೋಗಿದ್ದಾರೆ ಎಂದುಕೊಂಡು ನಾನು ಗಾಡಿಯನ್ನು ಅದರ ಮೇಲೆಯೇ ಹತ್ತಿಸಿದ್ದೆ. ಆ ಗೋಣಿಚೀಲದ ಅಡಿಯಲ್ಲಿ, ಶುಕ್ರವಾರದವರೆಗೂ ನಮ್ಮ ಬೀದಿಯಲ್ಲಿ ಇಲ್ಲದ ಒಂದು ರಸ್ತೆ ಉಬ್ಬು, ಬಾಣಂತಿಯಂತೆ ಬೆಚ್ಚಗೆ ಹೊದ್ದು ಆರೈಕೆ ಮಾಡಿಸಿಕೊಳ್ಳುತ್ತಿತ್ತು. ಶನಿವಾರ ನಾವೆಲ್ಲರೂ ಬಸ್ಸಿನಲ್ಲಿ ಸಿರುಗುಪ್ಪದ ಮಾವನವರ ಮನೆಗೆ ಹೋಗಿದ್ದೆವು (ಎ.ಸಿ. ಕೆಟ್ಟ ಕಾರಿನಲ್ಲಿ ಬಳ್ಳಾರಿಯ ಏಪ್ರಿಲ್ ತಿಂಗಳನ್ನು ದಾಟುವುದಕ್ಕಿಂತ, ದೊಡ್ಡ ಕಿಟಕಿಗಳಿರುವ ಬಸ್ಸೇ ಮೇಲು), ನಿನ್ನೆ ರಾತ್ರಿ ತಡವಾಗಿ ಮರಳಿದ್ದೆವು. ಆ ಎರಡು ದಿನಗಳಲ್ಲಿ ಉಬ್ಬು ಹುಟ್ಟಿತ್ತು.

ಇದಕ್ಕೆ ಕಾರಣ ಯಾವ ಇಲಾಖೆಯೂ ಅಲ್ಲ. ಕಾರಣ ನನ್ನ ಷಡ್ಡಕ, ಅವನು ಇನ್ನೂ ಕೊಳ್ಳದಿರುವ ಒಂದು ಕಾರು, ಮತ್ತು ಅಳತೆಯ ಟೇಪಿನ ಇನ್ನೊಂದು ತುದಿಯನ್ನು ಮರ್ಯಾದೆಗೆ ಕಟ್ಟುಬಿದ್ದು ಹಿಡಿದುಕೊಂಡ ನಾನು.

ನನ್ನ ಹೆಂಡತಿಯ ತಂಗಿಯ ಗಂಡನಾದ ಈ ಮಹಾಶಯನಿಗೆ ಹೊಸಪೇಟೆ ರಸ್ತೆಯ ಬದಿಯಲ್ಲಿ ಎರಡೂವರೆ ಎಕರೆ ಜಮೀನಿದೆ. ಅದು ಮುಂದಿನ ತಿಂಗಳು ಲೇಔಟಿನವರಿಗೆ ಮಾರಾಟವಾಗಲಿದೆ. ಕಳೆದ ಮೂರು ವರ್ಷಗಳಿಂದಲೂ ಅದು ಮುಂದಿನ ತಿಂಗಳೇ ಮಾರಾಟವಾಗಲಿದೆ. ಆ ಹಣ ಬಂದೊಡನೆ ಕೊಳ್ಳಬೇಕಾದದ್ದು ಸ್ಪೋರ್ಟ್ಸ್ ಕಾರೋ ಅಥವಾ ಎರಡು ಬಾಗಿಲಿನ ಐಷಾರಾಮಿ ಗ್ರ್ಯಾಂಡ್ ಟೂರಿಂಗ್ ಕೂಪೆಯೋ, ಅಂದರೆ ಪೋರ್ಶೆ 911 ಆಗಬೇಕೋ ಬೆಂಟ್ಲಿ ಕಾಂಟಿನೆಂಟಲ್ ಜಿಟಿ ಆಗಬೇಕೋ ಎಂಬುದೊಂದೇ ಅವನ ಬಾಳಿನಲ್ಲಿ ಉಳಿದಿರುವ ಪ್ರಶ್ನೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ನಾನು ಕಂಡಿದ್ದೇನೆ. ಆ ಕುಲಾವಿಗೆ ಜರಿಯ ಅಂಚೋ ಕಸೂತಿಯೋ ಎಂದು ಮೂರು ವರ್ಷ ಚರ್ಚಿಸಿದವನನ್ನು ಕಂಡದ್ದು ಇದೇ ಮೊದಲು. ಹಾಗೆಂದು ನಗುವಂತೆಯೂ ಇಲ್ಲ. ಗಣಿಯ ಅಬ್ಬರದ ವರ್ಷಗಳಲ್ಲಿ ಎಂತೆಂತಹ ವಿದೇಶಿ ಕಾರುಗಳು ಈ ಊರಿನ ಕೆಂಪು ಧೂಳು ಕುಡಿಯುತ್ತ ಓಡಾಡಿದವು ಎಂಬುದನ್ನು ಕಣ್ಣಾರೆ ಕಂಡವರು ನಾವು. ಬಳ್ಳಾರಿಯಲ್ಲಿ ಯಾರ ಕಾರಿನ ಕನಸನ್ನೂ ಯಾರೂ ಪೂರ್ತಿಯಾಗಿ ತಳ್ಳಿಹಾಕುವುದಿಲ್ಲ. ಸದ್ಯಕ್ಕೆ ಅವನು ಸ್ಕೂಟರಿನಲ್ಲಿ ಬರುತ್ತಾನೆ, ಪ್ರತಿ ಸಂಜೆ ಆರು ಗಂಟೆಗೆ, ನನ್ನ ಹೆಂಡತಿ ಒಗ್ಗರಣೆ ಮಂಡಕ್ಕಿಯ ಪಕ್ಕದಲ್ಲಿ ಮಿರ್ಚಿಯನ್ನು ಇಡುವ ಕ್ಷಣಕ್ಕೆ ಸರಿಯಾಗಿ.

ಈ ಎರಡು ಬಗೆಯ ಕಾರುಗಳ ವ್ಯತ್ಯಾಸವನ್ನು ಈಗ ನಾನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಸ್ಪೋರ್ಟ್ಸ್ ಕಾರು ಹಗುರ, ಕುಳ್ಳು. ರಸ್ತೆಯ ಒಂದೊಂದು ಹರಳನ್ನೂ ಓಡಿಸುವವನ ಬೆನ್ನುಮೂಳೆಗೆ ವರದಿ ಮಾಡುವುದೇ ಅದರ ಹೆಗ್ಗಳಿಕೆ. ಗ್ರ್ಯಾಂಡ್ ಟೂರರ್ ಎಂಬುದು, ಇಟಲಿಯವರ ಗ್ರ್ಯಾನ್ ಟುರಿಸ್ಮೊ, ಚುಟುಕಾಗಿ ಜಿಟಿ, ಹೆಸರೇ ಹೇಳುವಂತೆ ದೊಡ್ಡ ಪ್ರವಾಸಕ್ಕಾಗಿ ಹುಟ್ಟಿದ್ದು. ಇಬ್ಬರನ್ನು ಅವರ ಗಂಟುಮೂಟೆಯ ಸಮೇತ ನೂರಾರು ಕಿಲೋಮೀಟರ್ ವೇಗವಾಗಿ ಒಯ್ದು, ಇಳಿಯುವಾಗ ಅಂಗಿಯ ಇಸ್ತ್ರಿ ಕೂಡ ಕೆಡದಂತೆ ನೋಡಿಕೊಳ್ಳುವುದು ಅದರ ಕೆಲಸ. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ 901 ಎಂಬ ಹೆಸರಿನಿಂದ ಕಾಣಿಸಿಕೊಂಡ ಪೋರ್ಶೆ, ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರುಗಳು ತನ್ನವೆಂದು ಪ್ಯೂಜೊ ಕಂಪನಿ ತಕರಾರು ತೆಗೆದದ್ದರಿಂದ 911 ಆಯಿತು. ಅದರ ಎಂಜಿನ್ ಅಂದಿನಿಂದ ಇಂದಿನವರೆಗೂ ಹಿಂದಿನ ಗಾಲಿಗಳ ಅಚ್ಚಿನಿಂದಾಚೆಗೆ, ಬಾಲದಲ್ಲಿಯೇ ಕುಳಿತಿದೆ. (ನಮ್ಮ ಆಟೋರಿಕ್ಷಾಗೂ ಎಂಜಿನ್ ಹಿಂದೆಯೇ ಇರುವುದಲ್ಲವೇ ಎಂದು ಒಮ್ಮೆ ಕೇಳಿ, ಎರಡು ದಿನ ಅವನ ಮೌನದ ಸುಖವನ್ನು ಅನುಭವಿಸಿದ್ದೇನೆ.) ಕಾಂಟಿನೆಂಟಲ್ ಜಿಟಿ 2003ರ ಕೂಸು, ಎರಡು ಟನ್ನಿಗೂ ಮಿಕ್ಕಿದ ತೂಕ, ಹಾಗಿದ್ದೂ 2018ರ ಸುಮಾರಿಗೆ ಬಂದ ಅದರ ಮೂರನೆಯ ಪೀಳಿಗೆ ಹನ್ನೆರಡು ಸಿಲಿಂಡರಿನ ಬಲದಿಂದ ಗಂಟೆಗೆ 333 ಕಿ.ಮೀ. ಮುಟ್ಟುತ್ತಿತ್ತು. ಎರಡೂ ನಾಲ್ಕು ಸೆಕೆಂಡುಗಳ ಆಸುಪಾಸಿನಲ್ಲಿ ನೂರರ ವೇಗಕ್ಕೆ ಏರಬಲ್ಲವು. ಏರಿದ ಮೇಲೆ ನಮ್ಮ ರೈಲ್ವೆ ಗೇಟಿನ ಮುಂದೆ ನಿಂತು, ಅದಿರಿನ ಗೂಡ್ಸ್ ರೈಲಿಗೆ ಐವತ್ತೆಂಟು ಡಬ್ಬಿಗಳೋ ಐವತ್ತೊಂಬತ್ತೋ ಎಂದು ಎಣಿಸಬೇಕಾಗುತ್ತದೆ ಎಂಬುದು ಬೇರೆ ಮಾತು.

ನನಗೆ ಸಿಟ್ಟು ಬರುವುದು ಈ ಮಾಹಿತಿಯಿಂದಲ್ಲ, ಅವನ ಒಂದು ಚಟದಿಂದ. ಪ್ರತಿ ಸಂಜೆ ಏಳೂಕಾಲಿನ ಹೊತ್ತಿಗೆ ಅವನು ಒಂದು ತೀರ್ಮಾನಕ್ಕೆ ಬರುತ್ತಾನೆ. "ಆಯ್ತು ಅಣ್ಣಾ, ಪೋರ್ಶೆನೇ ಫೈನಲ್" ಎನ್ನುತ್ತಾನೆ. ಕೈ ತೊಳೆಯುತ್ತಾನೆ, ಬಾಗಿಲಿನಲ್ಲಿ ಚಪ್ಪಲಿ ಮೆಟ್ಟುತ್ತಾನೆ, ಗೇಟಿನ ಅಗುಳಿ ತೆಗೆಯುತ್ತಾನೆ, ಸ್ಕೂಟರಿನ ಸ್ಟ್ಯಾಂಡ್ ತಳ್ಳುತ್ತಾನೆ. ಒಳಗೆ ನಾನು ಟಿ.ವಿ.ಯ ರಿಮೋಟಿಗೆ ಕೈ ಚಾಚುತ್ತೇನೆ. ಆಗ ಸ್ಟ್ಯಾಂಡು ಮತ್ತೆ ಟಕ್ಕನೆ ನೆಲಕ್ಕಿಳಿದ ಸದ್ದು, ಅಗುಳಿಯ ಸದ್ದು, ಚಪ್ಪಲಿ ಬಿಟ್ಟ ಸದ್ದು ಈ ಕ್ರಮದಲ್ಲಿಯೇ ಕೇಳಿಬಂದು, ಬಾಗಿಲಿನಲ್ಲಿ ಮುಖವೊಂದು ಕಾಣಿಸಿಕೊಳ್ಳುತ್ತದೆ: "ಆದರೆ ಅಣ್ಣಾ..." ಈ ಆದರೆ ಮುಗಿಯುವಷ್ಟರಲ್ಲಿ ಬೆಂಟ್ಲಿ ಫೈನಲ್ ಆಗಿರುತ್ತದೆ, ಚಹಾ ಇನ್ನೊಮ್ಮೆ ಕುದಿದಿರುತ್ತದೆ. ಮೂರು ವರ್ಷಗಳಲ್ಲಿ ಅವನು ಒಂದೇ ಸಲಕ್ಕೆ ನಮ್ಮ ಗೇಟನ್ನು ದಾಟಿ ಹೋದದ್ದು ಜೋರು ಮಳೆ ಬಂದ ಒಂದು ಸಂಜೆ ಮಾತ್ರ, ಮತ್ತು ಬಳ್ಳಾರಿಯಲ್ಲಿ ಅಂತಹ ಮಳೆಯನ್ನು ನಂಬಿಕೊಂಡು ಸಂಸಾರ ಮಾಡಲಾಗದು.

ಎರಡೂ ಕಾರುಗಳಲ್ಲಿ ಹಿಂದೆ ಎರಡು ಸೀಟುಗಳಿವೆ, ಆದರೆ ಅವು ನಮ್ಮಿಬ್ಬರ ಅತ್ತೆಯವರ ಮೊಣಕಾಲುಗಳನ್ನು ಗಮನದಲ್ಲಿಟ್ಟುಕೊಂಡು ಮಾಡಿದವುಗಳಲ್ಲ. ಪೋರ್ಶೆಯಲ್ಲಿ ಮಕ್ಕಳು ಕೂರಬಹುದು. ಬೆಂಟ್ಲಿಯಲ್ಲಿ ದೊಡ್ಡವರೂ ಕೂರಬಹುದು, ಅವರು ಒಳಗೆ ನುಸುಳಲು ಒಪ್ಪಿದರೆ. ಅತ್ತೆಯವರನ್ನು ವರ್ಷಕ್ಕೊಮ್ಮೆ ಮಂತ್ರಾಲಯಕ್ಕೆ ಕರೆದೊಯ್ಯುವ ಹೊಣೆ ಅವನ ಪಾಲಿಗಿರುವುದರಿಂದ ಬೆಂಟ್ಲಿ ಆರು ತಿಂಗಳು ಮುಂದಿತ್ತು. ಅಷ್ಟರಲ್ಲಿ ನೆಲದಿಂದ ಕಾರಿನ ಹೊಟ್ಟೆಯವರೆಗಿನ ಅಂತರದ ವಿಚಾರ ಬಂದಿತು, ಅದರೊಂದಿಗೆ ಟೇಪೂ ಬಂದಿತು.

ಪೋರ್ಶೆಯ ಹೊಟ್ಟೆ ನೆಲದಿಂದ ಹನ್ನೆರಡು ಸೆಂಟಿಮೀಟರ್ ಆಸುಪಾಸಿನಲ್ಲಿದೆ. ಬೇಕೆಂದರೆ ಗುಂಡಿಯೊತ್ತಿ ಮೂತಿಯನ್ನಷ್ಟೇ ಇನ್ನೊಂದು ನಾಲ್ಕು ಸೆಂಟಿಮೀಟರ್ ಎತ್ತಿಸಿಕೊಳ್ಳಬಹುದು. ನನ್ನ ಹಳೆಯ ಆಲ್ಟೊಗೆ ಹುಟ್ಟಿನಿಂದಲೇ ಹದಿನಾರು ಇದೆ ಎಂದು ನಾನು ಹೇಳಿದ್ದೇ ತಪ್ಪಾಯಿತು. "ಹಾಗಾದರೆ ನಮ್ಮ ಊರಿನ ಉಬ್ಬುಗಳು ಎಷ್ಟಿವೆ?" ಎಂದು ಅವನು ಕೇಳಿದ, ಕಳೆದ ಭಾನುವಾರವಲ್ಲದ ಅದರ ಹಿಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ ಟೇಪು, ನೋಟ್‌ಪುಸ್ತಕ ಮತ್ತು ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲಿನೊಡನೆ ಬಂದು ನಿಂತ. ರಸ್ತೆಗಳ ಅಳತೆಯನ್ನು ಗೊತ್ತುಪಡಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆಯ ಪ್ರಕಾರ ಉಬ್ಬೆಂದರೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಗಂಟೆಗೆ ಇಪ್ಪತ್ತೈದು ಕಿ.ಮೀ. ವೇಗದಲ್ಲಿ ಹತ್ತಿ ಇಳಿದರೆ ಹಸುಗೂಸಿಗೂ ಎಚ್ಚರವಾಗಬಾರದು. ನಾವು ಅಳೆದ ಮೊದಲನೆಯದು ಹದಿನಾಲ್ಕು ಸೆಂಟಿಮೀಟರ್ ಎತ್ತರವಿತ್ತು, ಅಗಲ ಎರಡು ಅಡಿ. ಎರಡನೆಯದು ಹದಿನೇಳು, ಅದು ಉಬ್ಬಲ್ಲ, ಹೊಸ್ತಿಲು, ಅರಿಶಿನ ಕುಂಕುಮ ಹಚ್ಚುವುದೊಂದೇ ಬಾಕಿ. ಮೂರನೆಯದರ ಉದ್ದಕ್ಕೂ ನಾಯಿಯೊಂದು ಮಲಗಿದ್ದು ಅದು ಏಳಲು ಒಪ್ಪದ್ದರಿಂದ, ನಾಯಿಯ ಸಮೇತ ಅಳೆದು ನಾಯಿಯನ್ನು ಅಂದಾಜಿನಿಂದ ಕಳೆಯಲಾಯಿತು. ಹಂಪಿಗೆ ಹೋಗುವ ಪ್ರವಾಸಿಗರಿಗೆ ದಾರಿಯುದ್ದಕ್ಕೂ ಹಂಪುಗಳನ್ನೇ ತೋರಿಸುವ ಸೀಮೆ ನಮ್ಮದು.

ನಾಲ್ಕನೆಯ ಉಬ್ಬಿನ ಹೊತ್ತಿಗೆ ಜನ ಸೇರಿದರು. ಟೇಪಿನ ಒಂದು ತುದಿಯಲ್ಲಿ ಒಬ್ಬ, ಇನ್ನೊಂದು ತುದಿಯಲ್ಲಿ ಇನ್ನೊಬ್ಬ, ನಡುವೆ ನೋಟ್‌ಪುಸ್ತಕ: ಈ ದೇಶದಲ್ಲಿ ಇಷ್ಟಿದ್ದರೆ ಸರ್ಕಾರವೇ ಬಂದಂತೆ. ಮೊದಲು ಪ್ಲಾಸ್ಟಿಕ್ ಕೊಡ ಹಿಡಿದ ಅಜ್ಜಿಯೊಬ್ಬರು ಬಂದು ನೀರಿನ ಕಥೆ ಹೇಳಿದರು. ಕಿರಾಣಿ ಅಂಗಡಿಯವರು ತಮ್ಮ ಅಂಗಡಿಯ ನೇರಕ್ಕೆ ಒಂದು ಉಬ್ಬು ಹಾಕಿಸಿಕೊಡಿ, ಗಾಡಿಗಳು ನಿಧಾನವಾದರೆ ಜನ ಈ ಕಡೆ ನೋಡಿಯಾದರೂ ಹೋಗುತ್ತಾರೆ ಎಂದರು. ಇನ್ನೊಬ್ಬರು ನಮ್ಮನ್ನು ಮರೆಗೆ ಕರೆದು, ತಮ್ಮ ಮನೆಯ ಮುಂದಿರುವ ಉಬ್ಬನ್ನು ಎಂಟು ಅಡಿ ಆಚೆಗೆ, ದಾಯಾದಿಯ ಬಾಗಿಲಿಗೆ ಸರಿಸಲು ಸಾಧ್ಯವೇ, ಖರ್ಚು ತಮ್ಮದೇ ಎಂದು ಪಿಸುಗುಟ್ಟಿದರು. ನಾವು ಯಾರೂ ಅಲ್ಲವೆಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಷಡ್ಡಕ ಎಲ್ಲವನ್ನೂ ಬರೆದುಕೊಳ್ಳತೊಡಗಿದ್ದ. "ನೋಡೋಣ, ಮೇಲಕ್ಕೆ ಬರೀತೀವಿ" ಎಂದ. ಯಾವ ಮೇಲಕ್ಕೆ? ಅವನ ಮೇಲೆ ಇರುವುದು ಅವನ ಹೆಂಡತಿಯೊಬ್ಬಳೇ. ಅಷ್ಟರಲ್ಲಿ ಯಾರದೋ ಮನೆಯಿಂದ ಚಹಾ ಬಂದಿತು, ಕುಡಿದ ಮೇಲೆ ನಿಜ ಹೇಳುವ ನೈತಿಕ ಹಕ್ಕನ್ನು ನಾನು ಕಳೆದುಕೊಂಡೆ. ಹಿಂದಿರುಗಿ ಬರುವಾಗ, ಪೆನ್ಸಿಲ್ ಇನ್ನೂ ಮೊಂಡಾಗಿಲ್ಲವೆಂಬ ಒಂದೇ ಕಾರಣಕ್ಕೆ, ಉಬ್ಬೇ ಇಲ್ಲದ ನಮ್ಮ ಬೀದಿಯ ಅಗಲವನ್ನೂ ಅಳೆದು, ಸುಣ್ಣದ ಕಲ್ಲಿನಿಂದ ಎರಡು ಗೆರೆ ಎಳೆದ.

ನಿನ್ನೆ ಸಿರುಗುಪ್ಪದಲ್ಲಿ, ಮಾವನವರ ಅಂಗಳದ ಬೇವಿನ ಮರದ ಕೆಳಗೆ ಅವನು ಮೂರನೆಯ ಕಾರೊಂದನ್ನು ಎಳೆತಂದ: ಆಸ್ಟನ್ ಮಾರ್ಟಿನ್ ಡಿಬಿ12. ಡಿಬಿ ಎಂದರೆ ಡೇವಿಡ್ ಬ್ರೌನ್, 1947ರಲ್ಲಿ ಆ ಕಂಪನಿಯನ್ನು ಕೊಂಡ ಇಂಗ್ಲೆಂಡಿನ ಉದ್ಯಮಿ, ಆತನ ಕಾರ್ಖಾನೆಗಳಲ್ಲಿ ಟ್ರ್ಯಾಕ್ಟರುಗಳು ತಯಾರಾಗುತ್ತಿದ್ದವು ಎಂದು ನಾನು ಅವನ ಬಾಯಿ ಮುಚ್ಚಿಸಲೆಂದೇ ಹೇಳಿದೆ. ಹೇಳಿದ ಮೇಲೆ ನನಗೂ ಹುರುಪು ಬಂದು, ಲ್ಯಾಂಬೊರ್ಗಿನಿಯೂ 1948ರಿಂದ ಟ್ರ್ಯಾಕ್ಟರ್ ಮಾಡುತ್ತಿದ್ದವನೇ, 1963ರಲ್ಲಿ ಕಾರಿನ ಕಂಪನಿ ತೆಗೆದು ಮೊದಲು ಮಾರಿದ್ದು 350 ಜಿಟಿ ಎಂಬ ಗ್ರ್ಯಾಂಡ್ ಟೂರರನ್ನೇ, ಪೋರ್ಶೆಯ ಹೆಸರು ಹೊತ್ತ ಡೀಸೆಲ್ ಟ್ರ್ಯಾಕ್ಟರುಗಳೂ 1963ರವರೆಗೆ ಜರ್ಮನಿಯಲ್ಲಿ ತಯಾರಾದವು ಎಂದೆಲ್ಲ ಒದರಿದೆ. ಅಷ್ಟು ಹೊತ್ತು ಎಲೆ ಅಡಿಕೆ ಮೆಲ್ಲುತ್ತ ಕಣ್ಣು ಮುಚ್ಚಿಕೊಂಡಿದ್ದ ಮಾವನವರು ಟ್ರ್ಯಾಕ್ಟರ್ ಎಂಬ ಪದಕ್ಕೆ ಕಣ್ಣು ತೆರೆದು, ಗದ್ದೆಯ ಕೆಸರು ಮೆತ್ತಿದ ತಮ್ಮ ಗಾಡಿಯತ್ತ ಒಮ್ಮೆ, ನಮ್ಮಿಬ್ಬರತ್ತ ಒಮ್ಮೆ ನೋಡಿದರು. "ಅಂದ್ರ ಅವ್ರೆಲ್ಲಾ ಮೊದಲು ಟ್ರ್ಯಾಕ್ಟರ್ ಮಾಡಿ, ಆಮ್ಯಾಲೆ ಕಾರಿಗೆ ಹೋದ್ರು ಅನ್ರಿ. ನಮ್ಮ ಅಳಿಯಂದ್ರಿಗೆ ಟ್ರ್ಯಾಕ್ಟರ್ ಹೊಡ್ಯಾಕ ಬರಂಗಿಲ್ಲ, ನೇರ ಕಾರಿಗೇ ಹೊಂಟಾರ" ಎಂದು ಮತ್ತೆ ಕಣ್ಣು ಮುಚ್ಚಿದರು.

ರಾತ್ರಿ ಬಸ್ಸಿನಲ್ಲಿ ಬರುವಾಗ ನನಗೆ ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆ ನೆನಪಾಯಿತು. ನಾವು ಹುಡುಗರಾಗಿದ್ದಾಗ ಓಣಿಯ ಇಪ್ಪತ್ತು ಮಂದಿ ಒಂದು ಟ್ರೇಲರಿನಲ್ಲಿ ಹುಲ್ಲು ಹಾಸಿ, ಮೇಲೆ ಜಮಖಾನ ಹಾಸಿ ಹೋಗುತ್ತಿದ್ದೆವು. ಅವ್ವನ ಮಡಿಲಿನಲ್ಲಿ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ. ಮರಳುವಾಗ ಅಪ್ಪ ತನ್ನ ಟವೆಲ್ಲನ್ನು ಮಡಿಸಿ ನನ್ನ ತಲೆಯ ಕೆಳಗಿಡುತ್ತಿದ್ದ. ಆಕಾಶ ಅಷ್ಟೂ ದಾರಿ ಮೇಲೆಯೇ ಬರುತ್ತಿತ್ತು. ವೇಗ ಗಂಟೆಗೆ ಇಪ್ಪತ್ತನ್ನೂ ದಾಟುತ್ತಿರಲಿಲ್ಲ, ಮನೆ ಬೇಗ ಬಂದುಬಿಟ್ಟಿತಲ್ಲ ಎಂದು ಅಳುತ್ತಿದ್ದೆ. ಸೊಂಟ ನೋಯುತ್ತಿತ್ತೋ ಏನೋ, ಆಗ ಸೊಂಟವೆಂಬುದೊಂದು ಇದೆಯೆಂದು ಗೊತ್ತಿರಲಿಲ್ಲ.

ಈಗ ಬೆಳಗಿನ ವಿಚಾರ. ಹುಡುಗಿಯರನ್ನು ಆಟೋದಲ್ಲಿ ಕಳುಹಿಸಿ ನಾನು ಸೈಲೆನ್ಸರಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದಾಗ, ಎದುರು ಮನೆ ಕಟ್ಟುತ್ತಿರುವ ಮೇಸ್ತ್ರಿ ನಗುತ್ತ ಬಂದ. ಸ್ಲ್ಯಾಬಿಗೆ ಹಾಕಿ ಮಿಕ್ಕ ಕಾಂಕ್ರೀಟ್ ಶನಿವಾರ ದಂಡವಾಗುತ್ತಿತ್ತಂತೆ, "ನೀವೇ ಅಳತೆ ಮಾಡಿ ಗೆರೆ ಹೊಡೆದಿದ್ರಲ್ಲ ಸರ್, ಅದರ ಮ್ಯಾಲೇ ಹಾಕೀವಿ, ಒಂದು ಇಂಚೂ ಆಚೀಚೆ ಆಗಿಲ್ಲ" ಎಂದು ಹೆಮ್ಮೆಯಿಂದ ಹೇಳಿ, ಕೂಲಿಯ ಮಾತನ್ನು ಎತ್ತದೆ, ಆದರೆ ಎತ್ತುವವನಂತೆ ನಿಂತುಕೊಂಡ. ಮೆಕ್ಯಾನಿಕ್ಕಿಗೆ ಒಂಬೈನೂರು ರೂಪಾಯಿ, ಮೇಸ್ತ್ರಿಗೆ ಮುನ್ನೂರು. ಬಯ್ಯಲೆಂದೇ ಷಡ್ಡಕನಿಗೆ ಫೋನು ಮಾಡಿದೆ. ಅವನು ಪೂರ್ತಿ ಕೇಳಿಸಿಕೊಂಡು, ಒಂದು ಕ್ಷಣ ಸುಮ್ಮನಿದ್ದು, "ಎತ್ತರ ಎಷ್ಟಿದೆ ಅಣ್ಣಾ?" ಎಂದ.

ಅರ್ಧ ಗಂಟೆಯಲ್ಲಿ ಟೇಪಿನೊಡನೆ ಬಂದೇ ಬಿಟ್ಟ. ಗೋಣಿಚೀಲ ಸರಿಸಿ ನಾನು ನನ್ನ ತುದಿಯನ್ನು ಹಿಡಿದೆ. ಹತ್ತೊಂಬತ್ತು ಸೆಂಟಿಮೀಟರ್. ಅವನು ಅದನ್ನು ಬರೆದುಕೊಂಡು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದಾಗ, ಹಿಂದಿನ ಬೀದಿಯ ಕಿರಾಣಿ ಅಂಗಡಿಯವರು ಸೈಕಲ್ ನಿಲ್ಲಿಸಿ ಒಂದು ಕಾಲು ನೆಲಕ್ಕೂರಿದರು. "ಇಲ್ಲಿ ಹಾಕಿಸಿಬಿಟ್ರಿ ಸಾಹೇಬ್ರ," ಎಂದರು ಸ್ವಲ್ಪ ನೊಂದುಕೊಂಡೇ, "ನಮ್ಮದು ಯಾವಾಗ?"