ಸೇಕೋ, ಸಾಕೋ, ಸಕೊ

ಒಂದು ಸಣ್ಣ ರಟ್ಟಿನ ಡಬ್ಬಿ. ಅದರ ಮೇಲೆ ನಾಲ್ಕೇ ಅಕ್ಷರ: ಎಸ್, ಎ, ಕೆ, ಓ. ಇಷ್ಟನ್ನು ಓದೋಕೆ ಹೋಗಿ ನಾನು ಒಂದು ಅಂಗಡಿ ತುಂಬಾ ಜನರ ಮುಂದೆ ಮಾನ ಕಳೆದುಕೊಂಡೆ.

ನಾನಿರುವುದು ಫಿನ್ಲೆಂಡಿನ ತಂಪೆರೆಯಲ್ಲಿ. ಇಂಗ್ಲಿಷ್ ಕಣ್ಣಿನಿಂದ ಓದುವವರು ಇದನ್ನು ಟ್ಯಾಂಪರ್, ಟ್ಯಾಂಪಿಯರ್ ಅಂತೆಲ್ಲ ಕರೆಯುತ್ತಾರೆ. ಊರಿನವರ ಬಾಯಲ್ಲಿ ಅದು ಅಪ್ಪಟ ಕನ್ನಡದ ಹಾಗೆ ತಂಪೆರೆ. ವರ್ಷಕ್ಕೆ ಆರು ತಿಂಗಳು ತಂಪನ್ನು ಕೊಡಗಟ್ಟಲೆ ತಲೆ ಮೇಲೆ ಎರೆಯುವ ಊರಿಗೆ ಇನ್ನೆಂಥ ಹೆಸರು ಇಡಬೇಕು ಹೇಳಿ.

ಇಲ್ಲಿ ಅಕ್ಟೋಬರ್ ಬಂತು ಅಂದರೆ ಆಫೀಸಿನಲ್ಲಿ ಅರ್ಧ ಜನ ಇರುವುದಿಲ್ಲ. ಎಲ್ಲರೂ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು ಕಾಡಿಗೆ, ಹಿರ್ವಿ ಬೇಟೆಗೆ. ಹಿರ್ವಿ ಅಂದರೆ ಮೂಸ್, ಹೆಗಲೇ ಆಳೆತ್ತರ ಇರುವ ಜಿಂಕೆ ಜಾತಿಯ ಪ್ರಾಣಿ. ಬೇಟೆಗಾರರ ಪರೀಕ್ಷೆ ಪಾಸಾಗಬೇಕು, ಗುರಿ ಪರೀಕ್ಷೆ ಆಗಬೇಕು, ಲೈಸೆನ್ಸ್ ಬೇಕು, ಇಷ್ಟೇ ಹೊಡೆಯಬೇಕು ಅಂತ ಲೆಕ್ಕವೂ ಉಂಟು. ನನ್ನ ಹತ್ತಿರ ಇದ್ಯಾವುದೂ ಇಲ್ಲ. ಆದರೆ ಸಕಲೇಶಪುರದ ಕಡೆಯವನು, ಮನೆಯಲ್ಲಿ ಕೋವಿ ನೋಡಿ ಬೆಳೆದವನು ಅಂತ ಒಂದು ಸಲ ಬಾಯಿ ಜಾರಿ ಹೇಳಿದ್ದೆ. ಅದಕ್ಕೇ ಪಕ್ಕದ ಸೀಟಿನ ಗೆಳೆಯ ಗುಂಡು ಕೊಳ್ಳಲು ಹೊರಟಾಗ ನನ್ನನ್ನೂ ಕಾರಿಗೆ ಹತ್ತಿಸಿಕೊಂಡ.

ನಾನು ಹಿಂದಿನ ರಾತ್ರಿ ಸುಮ್ನೆ ಮಲಗಿರಲಿಲ್ಲ. ಎರಡು ಗಂಟೆ ಕೂತು ಅಮೆರಿಕದವರ ವಿಡಿಯೋ ನೋಡಿ ತಯಾರಾಗಿದ್ದೆ. ಕಪಾಟಿನಲ್ಲಿ ಆ ಗುಂಡಿನ ಡಬ್ಬಿ ಕಂಡಿದ್ದೇ ತಡ, ಎಲ್ಲ ಗೊತ್ತಿರುವವನ ಹಾಗೆ, ಸ್ವಲ್ಪ ಗಟ್ಟಿಯಾಗೇ ಅಂದೆ: "ಓ, ಸೇಕೋ ಹ್ಯಾಮರ್‌ಹೆಡ್!"

ಗಲ್ಲಾದ ಹಿಂದಿದ್ದವನು "ಮಿತ್ಯಾ?" ಅಂದ.

ಅವರ ಭಾಷೆಯಲ್ಲಿ 'ಏನು?' ಅಂತ ಅದರ ಅರ್ಥ. ನನಗೆ ಕೇಳಿಸಿದ್ದು ಮಿಥ್ಯಾ ಅಂತ. ಹೇಳಿದ್ದು ಸುಳ್ಳೇ ಆಗಿದ್ದರಿಂದ ಎರಡೂ ಸರಿಹೋಗುತ್ತಿತ್ತು. ಗೆಳೆಯ ನನ್ನ ಕಿವಿ ಹತ್ತಿರ ಬಂದು "ಸಕೊ" ಅಂದ. ನಾನು "ಸಾಕೋ?" ಅಂದೆ. "ಅಲ್ಲ, ಸಕೊ." ಎ ಗಿಡ್ಡ, ಓ ಕೂಡ ಗಿಡ್ಡ. ನಾನು ಆ ಗಿಡ್ಡ ಎ ಮೇಲೆ ಅಮೆರಿಕದ ಏತ್ವ ಕೂರಿಸಿದ್ದೆ, ಅದನ್ನು ಇಳಿಸೋಕೆ ಹೋಗಿ ಕನ್ನಡದ ದೀರ್ಘ ಹಾಕಿದೆ. ಸಾಕೋ ಅಂದಾಗಲೆಲ್ಲ ನಮ್ಮಮ್ಮ ಊಟಕ್ಕೆ ಬಡಿಸುತ್ತಾ 'ಸಾಕೋ, ಇನ್ನೂ ಬೇಕೋ' ಅಂತ ಕೇಳಿದ ಹಾಗೇ ಆಗುತ್ತಿತ್ತು. 1921ರಲ್ಲಿ ಶುರುವಾದ, ಬಂದೂಕು ಗುಂಡು ಮಾಡುವ ಫಿನ್ಲೆಂಡಿನ ಕಂಪನಿ ಅದು, ನಾಲ್ಕು ಅಕ್ಷರವೂ ಒಂದು ಉದ್ದ ಹೆಸರಿನ ತುಂಡುಗಳು. ಉದ್ದ ಹೆಸರನ್ನು ಗೆಳೆಯ ಹೇಳಿದ. ನಾನು ಪ್ರಯತ್ನ ಮಾಡಲಿಲ್ಲ.

ತಮಾಷೆ ಏನು ಗೊತ್ತಾ? ಫಿನ್ನಿಷ್ ಓದುವುದು ಕನ್ನಡ ಓದಿದ ಹಾಗೇ. ಬರೆದದ್ದನ್ನು ಬರೆದ ಹಾಗೆ ಹೇಳಬೇಕು. ಹ್ರಸ್ವ ಹ್ರಸ್ವವೇ, ದೀರ್ಘ ದೀರ್ಘವೇ, ಒತ್ತು ಇದ್ದರೆ ಒತ್ತಲೇಬೇಕು. ನಮಗೆ ಬೆಲೆ, ಬೆಳೆ, ಬೇಳೆ ಇದ್ದ ಹಾಗೆ ಅವರಿಗೆ ತುಲಿ ಅಂದರೆ ಬೆಂಕಿ, ತೂಲಿ ಅಂದರೆ ಗಾಳಿ, ತುಲ್ಲಿ ಅಂದರೆ ಸುಂಕ. (ಕೊನೆಯದನ್ನು ನಮ್ಮ ಕಡೆ ಜೋರಾಗಿ ಓದಬೇಡಿ.) ಒಂದನೇ ಕ್ಲಾಸಿನ ಕಾಗುಣಿತ ನೆನಪಿದ್ದರೆ ಸಾಕಿತ್ತು. ನಾನು ಅದನ್ನು ಬಿಟ್ಟು ಅಮೆರಿಕ ಸುತ್ತಿಕೊಂಡು ಬಂದಿದ್ದೆ.

ಅಲ್ಲೇ ಪಕ್ಕದಲ್ಲಿ ಟಿಕ್ಕಾ ಅಂತ ಒಂದು ಬಂದೂಕು. ನನಗೆ ಪನೀರ್ ನೆನಪಾಗಿ ನಗು ಬಂತು. ಅವರಿಗೆ ಅದು ತಿಕ್ಕ, ಅಂದರೆ ಮರಕುಟಿಗ. ತಿಕ್ಕಕೊಸ್ಕಿ ಅನ್ನುವ ಊರಲ್ಲಿ ಹುಟ್ಟಿದ ಹೆಸರು. ಇದನ್ನು ಹೇಳುವಾಗ ಕನ್ನಡಿಗರು ಮಾತ್ರ ಬಹಳ ಹುಷಾರಾಗಿರಬೇಕು. ಆ ಒತ್ತು ಒಂದು ಬಿಟ್ಟು ಹೇಳಿ ನೋಡಿ, ಬೇಡ, ಹೇಳಬೇಡಿ. ಬೆಂಗಳೂರಿನ ಗೆಳೆಯನಿಗೆ ಫೋನಿನಲ್ಲಿ "ಇಲ್ಲೊಬ್ಬರ ಹತ್ತಿರ ಒಳ್ಳೆ..." ಅಂತ ಶುರು ಮಾಡಿ ನಾನು ಒತ್ತು ನುಂಗಿದೆ. ಅವನು ಇನ್ನೂ ಆ ಕಥೆಯನ್ನು ನಾಲ್ಕು ಜನಕ್ಕೆ ಹೇಳುತ್ತಿದ್ದಾನೆ. ಗುಂಡಿನ ಅಂಗಡಿಗೆ ಹೋಗಿದ್ದೆ ಅಂದಿದ್ದಕ್ಕೂ ಅವನು ಕೇಳಿದ್ದು "ಯಾವ ಬ್ರಾಂಡ್, ಕಿಕ್ ಹೇಗಿದೆ?" ಅಂತಲೇ. ಭುಜಕ್ಕೆ ಬಡಿಯುತ್ತೆ ಅಂದೆ. "ಹಂಗಾದ್ರೆ ಸೋಡಾ ಜಾಸ್ತಿ ಹಾಕು" ಅಂದ.

ಇನ್ನು ದೀರ್ಘದ ವಿಷಯ. ಬೇಟೆ ತಂಡದ ಯಜಮಾನರು ಎಪ್ಪತ್ತು ದಾಟಿದವರು, ಕಡಿಮೆ ಮಾತು. ಅವರ ಮನೆ ಬಾಗಿಲಲ್ಲಿ ನಿಂತು, ನಾಳೆ ಸಿಗ್ತೀನಿ ಅನ್ನೋಣ ಅಂತ, ಕಲಿತ ಫಿನ್ನಿಷ್‌ನಲ್ಲಿ ಹೇಳಿದೆ. ತಪಾನ್ ಅಂದರೆ ಭೇಟಿಯಾಗುತ್ತೇನೆ, ತಪನ್ ಅಂದರೆ ಕೊಲ್ಲುತ್ತೇನೆ. ನಾನು ದೀರ್ಘ ತಿಂದೆ. ನಾಳೆ ನಿಮ್ಮನ್ನು ಕೊಲ್ಲುತ್ತೇನೆ ಅಂತ, ಹೆಗಲ ಮೇಲೆ ಕೋವಿ ಇರುವವರಿಗೆ, ನಗುನಗುತ್ತಾ. ಅವರು ಒಂದು ನಿಮಿಷ ನೋಡಿ, ಎಷ್ಟು ಗಂಟೆಗೆ ಅಂತ ಕೇಳಿದರು.

ಈ ಯಜಮಾನರ ಉಚ್ಚಾರಣೆಯೇ ಬೇರೆ ಲೋಕ. ಇಂಗ್ಲಿಷ್ ಹೆಸರನ್ನೂ ಫಿನ್ನಿಷ್ ಕಾಗುಣಿತದಲ್ಲೇ ಓದುತ್ತಾರೆ. ರೆಮಿಂಗ್ಟನ್ ಅವರ ಬಾಯಲ್ಲಿ ರೆಮಿಂಗ್ತೊನ್. ಹ್ಯಾಮರ್‌ಹೆಡ್ ಅನ್ನುವುದು ಹಮ್ಮೆರ್‌ಹೆಆದ್. ಅಮೆರಿಕದ ನೆಬ್ರಾಸ್ಕದಲ್ಲಿ ತಯಾರಾಗುವ ಹಾರ್ನಡಿ ಗುಂಡು ಇವರಿಗೆ ಹೊರ್ನದಿ. ಅದು ಕಿವಿಗೆ ಬಿದ್ದಾಗ ನನಗೆ ಬೇರೆ ಏನೂ ಹೊಳೆಯಲಿಲ್ಲ, ಹೊರನಾಡು ಅನ್ನಪೂರ್ಣೇಶ್ವರಿ ಮತ್ತು ಅಲ್ಲಿನ ಊಟದ ಪಂಕ್ತಿ ಮಾತ್ರ ಕಣ್ಣೆದುರು ಬಂತು. ನಾರ್ಮಾ ಅಂತ ಸ್ವೀಡನ್ನಿನ ಕಂಪನಿಯೊಂದು ಓರಿಕ್ಸ್ ಅನ್ನುವ ಗುಂಡು ಮಾಡುತ್ತದೆ. ಓರಿಕ್ಸ್ ಒಂದು ಮರಳುಗಾಡಿನ ಜಿಂಕೆ. ಒಂದು ಜಿಂಕೆಯ ಹೆಸರಿನಿಂದ ಇನ್ನೊಂದು ಜಿಂಕೆಗೆ ಹೊಡೆಯುವುದು ಯಾಕೋ ಸರಿ ಅನಿಸಲಿಲ್ಲ, ಆದರೆ ಕೇಳಿದವರು ಯಾರು.

ಅದೇ ಸಂಜೆ ಯಜಮಾನರು ಕೇಳಿದರು, ದುಮ್‌ದುಮ್ ಗುಂಡು ನಿಮ್ಮ ದೇಶದ್ದಲ್ವಾ ಅಂತ. ನಾನು ಇಷ್ಟು ವರ್ಷ ಡಂ ಡಂ ಅಂದರೆ ಹೊಡೆದಾಗ ಬರುವ ಶಬ್ದ ಅಂದುಕೊಂಡಿದ್ದೆ! ಆಮೇಲೆ ಓದಿ ತಿಳಿಯಿತು. ಕೋಲ್ಕತ್ತಾ ಪಕ್ಕದ ಊರು ಅದು, ವಿಮಾನ ನಿಲ್ದಾಣ ಇರುವುದೂ ಅಲ್ಲೇ. ಬ್ರಿಟಿಷರ ಮದ್ದುಗುಂಡಿನ ಕಾರ್ಖಾನೆ ಅಲ್ಲಿತ್ತು. ಬಡಿದ ಕೂಡಲೇ ಅಣಬೆಯ ಹಾಗೆ ಅರಳುವ ಗುಂಡನ್ನು 1890ರ ದಶಕದಲ್ಲಿ ಅಲ್ಲಿ ಮಾಡಿದರು. ಇಂಥ ಗುಂಡನ್ನು ಯುದ್ಧದಲ್ಲಿ ಬಳಸಬಾರದು ಅಂತ 1899ರಲ್ಲಿ ಹೇಗ್‌ನಲ್ಲಿ ಒಪ್ಪಂದವಾಯಿತು. ಬೇಟೆಗೆ ಮಾತ್ರ ಅರಳುವ ಗುಂಡೇ ಬೇಕು, ಪ್ರಾಣಿ ನರಳದೆ ಬೇಗ ಬೀಳಲಿ ಅಂತ. ನಮ್ಮ ಆಫೀಸಿನ ಬಂಗಾಳಿ ಹುಡುಗನಿಗೆ ಈ ಕಥೆ ಹೇಳಿದರೆ ಅವನು ಕಥೆ ಬಿಟ್ಟು ಉಚ್ಚಾರಣೆ ಹಿಡಿದುಕೊಂಡ. ಡಂ ಡಂ ಅಲ್ಲ, ದಮ್ ದಮ್ ಅಲ್ಲ, ದೊಮ್‌ದೊಮ್. ಒಂದೇ ಊರು, ನಾಲ್ಕು ಶಬ್ದ, ನಾಲ್ಕೂ ತಬಲಾ ಬೋಲ್ ಥರ.

ನಿಜವಾದ ಅನಾಹುತ ಆದದ್ದು ಪಾರ್ಟಿಷನ್‌ನಿಂದ.

ನೋಸ್ಲರ್ ಪಾರ್ಟಿಷನ್ ಅಂತ ಒಂದು ಗುಂಡು. ಜಾನ್ ನೋಸ್ಲರ್ ಅನ್ನುವವರು 1946ರಲ್ಲಿ ಕೆನಡಾದಲ್ಲಿ ಮೂಸ್ ಬೇಟೆಗೆ ಹೋಗಿದ್ದರಂತೆ. ಅದರ ಮೈಮೇಲೆ ಒಣಗಿದ ಕೆಸರು, ಗುಂಡು ಒಳಗೇ ಹೋಗಲಿಲ್ಲ. ಆಮೇಲೆ ಆ ಮನುಷ್ಯ ಮನೆಗೆ ಬಂದು ಒಳಗೆ ಅಡ್ಡಗೋಡೆ ಇರುವ ಗುಂಡು ಮಾಡಿದರು. ಮುಂದಿನ ಭಾಗ ಅರಳುತ್ತದೆ, ಹಿಂದಿನ ಭಾಗ ಹಾಗೇ ಗಟ್ಟಿಯಾಗಿ ಒಳಗೆ ನುಗ್ಗುತ್ತದೆ. ನನ್ನ ಗೆಳೆಯ ಬಳಸುವುದೂ ಇದನ್ನೇ. ನನಗೆ ಇದು ಬಹಳ ಇಷ್ಟವಾಗಿ ಭಾನುವಾರ ಅಪ್ಪನಿಗೆ ಫೋನು ಮಾಡಿದಾಗ ಹೇಳಲು ಹೊರಟೆ. ನಮ್ಮೂರಿನ ನೆಟ್‌ವರ್ಕ್ ಹೇಗಿದೆ ಅಂತ ಗೊತ್ತಿರುವವರಿಗೆ ಮುಂದಿನದು ಅರ್ಥವಾಗುತ್ತದೆ.

"ಅಪ್ಪ, ಪಾರ್ಟಿಷನ್ ಆದ್ರೇ ಒಳ್ಳೇದಂತೆ."

ಆ ಕಡೆ ಸದ್ದಿಲ್ಲ.

"ಮಧ್ಯೆ ಒಂದು ಗೋಡೆ ಬರುತ್ತೆ. ಮುಂದಿನ ಅರ್ಧ ಬೇರೆ, ಹಿಂದಿನ ಅರ್ಧ ಬೇರೆ."

ಸ್ವಲ್ಪ ಹೊತ್ತಾದ ಮೇಲೆ ಅಪ್ಪ ನಿಧಾನಕ್ಕೆ ಕೇಳಿದರು, "ಅಡುಗೆಮನೆ ಹಿಂದಿನ ಅರ್ಧದಲ್ಲಿದೆ. ಅದು ಯಾರಿಗೋ?"

ಅಷ್ಟರಲ್ಲಿ ಲೈನ್ ಕಟ್ಟಾಯಿತು. ಮತ್ತೆ ಸಿಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಆರಕ್ಕೆ ತಮ್ಮನ ಫೋನು. "ಅಣ್ಣ, ನಿಂಗೆ ತೋಟ ಬೇಕಿದ್ರೆ ನನ್ನನ್ನೇ ಕೇಳಬಹುದಿತ್ತು. ಅಪ್ಪ ರಾತ್ರಿ ಊಟ ಮಾಡಿಲ್ಲ, ಪಹಣಿ ತೆಗೆದುಕೊಂಡು ಕೂತಿದ್ದಾರೆ." ನಾನು ಅದು ತೋಟ ಅಲ್ಲ ಮಾರಾಯ, ತೋಟಾ, ಕೋವಿಗೆ ಹಾಕೋ ತೋಟಾ ಅಂತ ಅರ್ಧ ಗಂಟೆ ಬಿಡಿಸಿ ಹೇಳಿದೆ. ಮತ್ತೆ ದೀರ್ಘ! ಅವನು ನಂಬಿದ. ಅಪ್ಪ ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ, ಅದಾದ ಮೇಲೆ ಪ್ರತಿ ಭಾನುವಾರ "ಮತ್ತೇನು ವಿಷಯ ಇಲ್ವಲ್ಲ?" ಅಂತ ಕೇಳಿಯೇ ಫೋನು ಇಡುತ್ತಾರೆ.

ಹೀಗಾಗುವುದು ನಮ್ಮ ಮನೆಗೆ ಹೊಸದಲ್ಲ. ಅಜ್ಜನ ಹತ್ತಿರ ಬೆಳೆ ಕಾಯಲು ಲೈಸೆನ್ಸಿನ ಟ್ವೆಲ್ ಬೋರ್ ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಅದು ಪೊಲೀಸ್ ಠಾಣೆಗೆ ಹೋಗಿ ಕೂರುತ್ತಿತ್ತು, ಉಳಿದ ದಿನ ಅಟ್ಟದ ಪಕ್ಕ ಗೋಡೆಗೆ. ಅಜ್ಜ ತೋಟಾಕ್ಕೆ ಕಾಡತೂಸು ಅಂತಲೂ ಅನ್ನುತ್ತಿದ್ದರು. ಪೋರ್ಚುಗೀಸರ ಕಾರ್ತೂಶು ಊರೂರು ತಿರುಗಿ, ನಮ್ಮ ಮನೆ ಜಗಲಿಗೆ ಬರುವಷ್ಟರಲ್ಲಿ ಅದಕ್ಕೆ ಕಾಡೂ ಸೇರಿಕೊಂಡಿತ್ತು. ಆ ತೋಟಾದಲ್ಲಿ ಚರೆಯ, ಅಂದರೆ ಒಳಗಿನ ಸೀಸದ ಕಾಳುಗಳ, ಗಾತ್ರ ನೋಡಿ ಎಲ್‌ಜಿ, ಎಸ್‌ಜಿ ಅಂತ ಹೆಸರು. ಒಂದು ಸಲ ಅಜ್ಜ, ತಾನು ಮರೆಯದಿರಲಿ ಅಂತ, ಅಜ್ಜಿ ಬರೆಸಿದ ದಿನಸಿ ಚೀಟಿಯ ಕೊನೆಯಲ್ಲೇ 'ಎಲ್‌ಜಿ 5' ಅಂತ ಬರೆದುಕೊಂಡರು. ಪೇಟೆಗೆ ಹೋಗಿ ಚೀಟಿಯನ್ನು ದಿನಸಿ ಅಂಗಡಿಗೆ ಕೊಟ್ಟು, ಕಾಫಿ ಕುಡಿಯಲು ಕೂತು, ಬಸ್ ಹೊತ್ತಾಯಿತು ಅಂತ ಗಂಟು ಎತ್ತಿಕೊಂಡು ಬಂದುಬಿಟ್ಟರು. ಮನೆಯಲ್ಲಿ ಬಿಚ್ಚಿದರೆ ಎಲ್‌ಜಿ ಇಂಗು, ಐದು ಡಬ್ಬಿ. ಆ ವರ್ಷ ಹಂದಿಗಳು ಗದ್ದೆಯಲ್ಲಿ ಹಬ್ಬ ಮಾಡಿದವು. ನಮ್ಮ ಸಾರಿನ ಘಮ ಮಾತ್ರ ಆಚೆ ಮನೆಯವರೆಗೂ ಹೋಗುತ್ತಿತ್ತು.

ಈ ಕಥೆಯನ್ನು ನಾನು ಮೊನ್ನೆ ಬೇಟೆಯವರ ಊಟದಲ್ಲಿ ಹೇಳಿದೆ. ಬೇಟೆ ಸೀಸನ್ನಿನಲ್ಲಿ ಊರವರಿಗೆ, ಜಮೀನಿನವರಿಗೆಲ್ಲ ಹಿರ್ವಿ ಸಾರಿನ ಊಟ ಹಾಕುವುದು ಇಲ್ಲಿನ ಪದ್ಧತಿ. ಇಂಗು ಅಂದರೆ ಏನು ಅಂತ ಫಿನ್ನಿಷ್‌ನಲ್ಲಿ ವಿವರಿಸಲು ಆಗದೆ ಕಥೆ ಅರ್ಧಕ್ಕೇ ನಿಂತಿತು. ಯಜಮಾನರು ನಮ್ಮ ಊರಿನ ಹೆಸರು ಕೇಳಿದರು. ಸಕಲೇಶಪುರ ಅಂದೆ. ಅವರು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡು, ಖುಷಿಯಾಗಿ, "ಸಕೊಲೇಸಪುರ" ಅಂದರು.

ನಾನು ತಿದ್ದಲು ಹೋಗಲಿಲ್ಲ. ಅವರು ಅದೇ ಖುಷಿಯಲ್ಲಿ ಎದ್ದು ಬಂದು ನನ್ನ ತಟ್ಟೆಗೆ ಮೂರನೇ ಸಲ ಸಾರು ಸುರಿಯತೊಡಗಿದರು. ನಾನು ಕೈ ಅಡ್ಡ ಹಿಡಿದು, ಗಡಿಬಿಡಿಯಲ್ಲಿ ಕನ್ನಡದಲ್ಲೇ "ಅಯ್ಯೋ, ಸಾಕೋ ಮಾರಾಯ" ಅಂದೆ.

ಅವರು ಸೌಟು ಅಲ್ಲೇ ಹಿಡಿದು ತಲೆ ಅಲ್ಲಾಡಿಸಿದರು.

"ಸಾಕೋ ಅಲ್ಲ. ಸಕೊ."