ಪೇಟೆಯಲ್ಲಿ ಗಲಾಟೆಯಂತೆ

ತೀರ್ಥಹಳ್ಳಿ ಕಡೆಯ ನಮ್ಮ ನೆಂಟರಿಗೆ ಮದುವೆ ಜವಳಿ ಎಂದರೆ ಶಿವಮೊಗ್ಗದ ಗಾಂಧಿ ಬಜಾರ್, ಬೇರೆ ಮಾತೇ ಇರಲಿಲ್ಲ. ಈಚೆಗೆ ಒಂದು ಮನೆಯವರು ದಾವಣಗೆರೆಗೆ ಹೋಗಿ ಸೀರೆ ತಂದರು. ಯಾಕೆ ಎಂದು ಕೇಳಿದ್ದಕ್ಕೆ ಚಿಕ್ಕಮ್ಮ ಫೋನಿನಲ್ಲಿ ಹೇಳಿದ್ದಿಷ್ಟು: "ಅಯ್ಯೋ ಮಾರಾಯ್ತಿ, ಶಿವಮೊಗ್ಗ ಪೇಟೆಲಿ ಯಾವಾಗ ಎಂತ ಗಲಾಟೆ ಆಗ್ತದೋ ಹೇಳಕ್ಕಾಗಲ್ಲ. ಹೆಣ್ಮಕ್ಕಳನ್ನ ಕಟ್ಟಿಕೊಂಡು ಅಲ್ಲಿಗೆ ಯಾಕೆ ಹೋಗದು?" ಆ ದಿನ ಪೇಟೆಯಲ್ಲಿ ಏನೂ ಆಗಿರಲಿಲ್ಲ. ಹಿಂದಿನ ವಾರವೂ ಆಗಿರಲಿಲ್ಲ.

ಹಾಗೆಂದು ಈ ಭಯವನ್ನು ಹಳ್ಳಿಯವರ ಅಂಜುಬುರುಕುತನ ಎಂದು ತಳ್ಳಿಹಾಕಲಾರೆ. ಅದಕ್ಕೆ ತಾರೀಖುಗಳಿವೆ. 2022ರ ಫೆಬ್ರವರಿ 20ರ ರಾತ್ರಿ ಸೀಗೆಹಟ್ಟಿಯ ಒಬ್ಬ ಯುವಕನ ಕೊಲೆಯಾಯಿತು. ಮರುದಿನ ಶವಯಾತ್ರೆಯ ಹೊತ್ತಿಗೆ ಕಲ್ಲು ತೂರಾಟ ನಡೆಯಿತು, ವಾಹನಗಳು ಉರಿದವು. ಅದೇ ವರ್ಷದ ಆಗಸ್ಟ್ 15ರಂದು ಅಮೀರ್ ಅಹ್ಮದ್ ವೃತ್ತದಲ್ಲಿ ಫ್ಲೆಕ್ಸ್ ವಿಚಾರಕ್ಕೆ ಗಲಾಟೆ ಶುರುವಾಗಿ, ಗಾಂಧಿ ಬಜಾರಿನಲ್ಲಿ ಒಬ್ಬರಿಗೆ ಚಾಕು ಬಿತ್ತು. 2023ರ ಅಕ್ಟೋಬರ್ 1ರಂದು ಈದ್ ಮಿಲಾದ್ ಮೆರವಣಿಗೆಯ ದಿನ ರಾಗಿಗುಡ್ಡದಲ್ಲಿ ಕಲ್ಲು ಹಾರಾಡಿದವು. ಮೂರು ಸಲವೂ ಜನ ಗುಂಪು ಸೇರದಂತೆ ತಡೆಯುವ 144ನೇ ಸೆಕ್ಷನ್ ಜಾರಿಯಾಯಿತು. ಆಯಾ ದಿನಗಳಲ್ಲಿ ಪೇಟೆಯಲ್ಲಿ ಸಿಕ್ಕಿಹಾಕಿಕೊಂಡವರಿಗೆ "ಇದೆಲ್ಲ ಬರೀ ಟಿ.ವಿ.ಯವರ ಸೃಷ್ಟಿ" ಎಂದು ಹೇಳುವ ಮುಖ ನನಗಿಲ್ಲ.

ಆದರೆ ನಾನು ಕೆಲಸಕ್ಕೆ ಹೋಗುವುದು ಅಮೆರಿಕದ ಶಿಕಾಗೊ ನಗರದ ನಡುಮಧ್ಯಕ್ಕೆ. ಅಲ್ಲಿನವರು ಅದನ್ನು ಲೂಪ್ ಅನ್ನುತ್ತಾರೆ. ಕಂಬದ ಮೇಲಿನ ರೈಲುಹಳಿ ಆ ಪೇಟೆಯನ್ನು ಒಂದು ಸುತ್ತು ಬಳಸುತ್ತದೆ. ಭಯ ಒಂದು ಪೇಟೆಗೆ ಏನು ಮಾಡುತ್ತದೆ ಎನ್ನುವುದನ್ನು ನಾನು ಕಂಡದ್ದು ಅಲ್ಲಿ. ಶಿವಮೊಗ್ಗ ಆ ದಾರಿಗೆ ಬೀಳಬಾರದು ಅನ್ನುವ ಕಳಕಳಿಯಿಂದಲೇ ಇದನ್ನು ಬರೆಯುತ್ತಿದ್ದೇನೆ.

2020ರ ಮೇ ಕೊನೆಯಲ್ಲಿ, ಮತ್ತೆ ಆಗಸ್ಟ್‌ನಲ್ಲಿ, ಶಿಕಾಗೊದ ಆಡಳಿತ ನದಿಯ ಮೇಲಿನ ಸೇತುವೆಗಳನ್ನೇ ಎತ್ತಿಬಿಟ್ಟಿತು. ದೋಣಿ ಹಡಗುಗಳಿಗೆ ದಾರಿ ಬಿಡಲು ಮೇಲೇಳುವ ಸೇತುವೆಗಳು ಅವು. ಪ್ರತಿಭಟನೆ, ಲೂಟಿ ನಡೆದ ಆ ದಿನಗಳಲ್ಲಿ ಜನ ಪೇಟೆಗೆ ಬರದಂತೆ ತಡೆಯಲು ಅವನ್ನು ಬಳಸಿದರು. ದೊಡ್ಡ ದೊಡ್ಡ ಅಂಗಡಿಗಳ ಗಾಜಿಗೆ ಪ್ಲೈವುಡ್ ಹೊಡೆದರು. ಕೋವಿಡ್‌ನಿಂದ ಆಫೀಸಿನವರೆಲ್ಲ ಮೊದಲೇ ಮನೆ ಸೇರಿದ್ದರು. ಸೇತುವೆ ಇಳಿದವು, ಪ್ಲೈವುಡ್ ಬಿಚ್ಚಿದರು, ಜನ ಮಾತ್ರ ಮೊದಲಿನಷ್ಟು ವಾಪಸ್ ಬರಲಿಲ್ಲ. ಆಫೀಸಿನವರನ್ನೇ ನಂಬಿದ್ದ ಊಟದಂಗಡಿ, ಚಪ್ಪಲಿ ರಿಪೇರಿ, ಹೂವಿನಂಗಡಿಯಂಥವು ಒಂದೊಂದಾಗಿ ಬಾಗಿಲು ಹಾಕಿದವು. ಬಾಗಿಲು ಹಾಕಿದ ಅಂಗಡಿಗಳ ಮುಂದೆ ಸಂಜೆ ಆರಕ್ಕೆ ಒಬ್ಬಳೇ ನಡೆದುಹೋಗಲು ಯಾರಿಗಾದರೂ ಎದೆ ಹೊಡೆದುಕೊಳ್ಳುತ್ತದೆ, ಅಲ್ಲಿ ಒಂದು ಅಪರಾಧವೂ ನಡೆಯದಿದ್ದರೂ.

ಲೆಕ್ಕ ನೋಡಿದರೆ ಕಥೆ ಬೇರೆ. ಶಿಕಾಗೊದಲ್ಲಿ 2021ರಲ್ಲಿ ಸುಮಾರು 800 ಕೊಲೆಗಳಾದವು. 2024ಕ್ಕೆ ಅದು 600ಕ್ಕಿಂತ ಕೆಳಗೆ ಬಂತು. ಇಡೀ ಅಮೆರಿಕದಲ್ಲೂ 2020ರಲ್ಲಿ ಕೊಲೆ ಸುಮಾರು 30 ಶೇಕಡಾ ಏರಿತ್ತು. 2023ರಲ್ಲಿ 11 ಶೇಕಡಾಕ್ಕಿಂತ ಹೆಚ್ಚು ಇಳಿಯಿತು, 2024ರಲ್ಲಿ ಇನ್ನೂ ಹೆಚ್ಚು. ಅದೇ 2023ರ ಕೊನೆಯಲ್ಲಿ ಗ್ಯಾಲಪ್ ಸಂಸ್ಥೆ ಜನರನ್ನು ಕೇಳಿದಾಗ ನೂರಕ್ಕೆ 77 ಮಂದಿ "ಕಳೆದ ವರ್ಷಕ್ಕಿಂತ ದೇಶದಲ್ಲಿ ಅಪರಾಧ ಜಾಸ್ತಿಯಾಗಿದೆ" ಎಂದರು. "ನಿಮ್ಮ ಸುತ್ತಮುತ್ತ?" ಎಂದಾಗ ಹಾಗೆಂದವರು 55 ಮಂದಿ ಮಾತ್ರ. ಸ್ವಂತ ಕಣ್ಣಿಗೆ ಕಾಣುವ ಬೀದಿಗಿಂತ ಕಾಣದ ದೇಶವೇ ಹೆಚ್ಚು ಅಪಾಯಕಾರಿ ಅನ್ನಿಸುತ್ತದೆ. ಇನ್ನೊಂದು ಸಂಗತಿಯನ್ನಂತೂ ಒತ್ತಿ ಹೇಳಬೇಕು: ಶಿಕಾಗೊದ ಕೊಲೆಗಳಲ್ಲಿ ಬಹುಪಾಲು ನಡೆಯುವುದು ಎಲ್ಲರೂ ಹೆದರುವ ಲೂಪ್‌ನಲ್ಲಲ್ಲ, ನಗರದ ಪಶ್ಚಿಮ ಮತ್ತು ದಕ್ಷಿಣ ಭಾಗದ ಬಡವರ ಬಡಾವಣೆಗಳಲ್ಲಿ. ಚರ್ಚೆ, ಟಿ.ವಿ., ಕ್ಯಾಮೆರಾ, ಹೆಚ್ಚುವರಿ ಪೊಲೀಸರು ಎಲ್ಲ ಪೇಟೆಯ ಕಡೆ ಓಡುತ್ತಾರೆ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಇರುವುದು ಬೇರೆ ಕಡೆ.

ರಾತ್ರಿ ಎಂಟರ ಮೇಲೆ ಬ್ಲೂ ಲೈನ್ ರೈಲು ಹತ್ತುವಾಗ ನಾನು ಮಾಡುವುದನ್ನು ಹೇಳುತ್ತೇನೆ. ಚಾಲಕರಿರುವ ಮೊದಲನೇ ಬೋಗಿಗೇ ಹೋಗುತ್ತೇನೆ. ಬಾಗಿಲ ಪಕ್ಕದ ಸೀಟು ಬಿಟ್ಟು ಒಳಗೆ ಕೂರುತ್ತೇನೆ, ಫೋನ್ ಬ್ಯಾಗಿನೊಳಗೆ. ಒಂದು ಮೂಲೆಯಲ್ಲಿ ಮನೆಯಿಲ್ಲದ ಒಬ್ಬರು ಕಂಬಳಿ ಹೊದ್ದು ಮಲಗಿರುತ್ತಾರೆ. ಅವರು ಯಾರಿಗೂ ಏನೂ ಮಾಡುವುದಿಲ್ಲ, ಚಳಿಗೆ ರೈಲೇ ಅವರ ಮನೆ. ಆದರೂ ಬೋಗಿಯಲ್ಲಿ ನಾನು, ಅವರು ಇಬ್ಬರೇ ಉಳಿದರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಬೋಗಿ ಬದಲಿಸುತ್ತೇನೆ. ಐದಾರು ಮಂದಿ ಹತ್ತಿದರೆ ಕೂತಲ್ಲೇ ಕೂರುತ್ತೇನೆ. ಹೆಣ್ಣುಮಕ್ಕಳ ಸುರಕ್ಷತೆಯ ಲೆಕ್ಕಾಚಾರ ಬಹುಮಟ್ಟಿಗೆ ಇಷ್ಟೇ: ಸುತ್ತ ಎಷ್ಟು ಜನ ಇದ್ದಾರೆ, ಅವರು ಎಂಥವರು, ಕೂಗಿದರೆ ಯಾರಿಗೆ ಕೇಳುತ್ತದೆ.

ಈ ಲೆಕ್ಕದಲ್ಲಿ ಗಾಂಧಿ ಬಜಾರ್ ಎಷ್ಟು ಶ್ರೀಮಂತ ಎನ್ನುವುದು ಅಲ್ಲೇ ಇರುವವರಿಗೆ ಹೊಳೆಯುವುದಿಲ್ಲ. ಸಂಜೆ ಏಳಕ್ಕೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬುಟ್ಟಿಯ ಹಿಂದೆ ಕೂತು ಮೊಳ ಅಳೆಯುವ ಹೂವಿನವರು, ಬಳೆ ಅಂಗಡಿ, ಪಾತ್ರೆ ಅಂಗಡಿ, ಜವಳಿ, ಕಿರಾಣಿ, ತಳ್ಳುಗಾಡಿಯ ಸೊಪ್ಪು. ಆ ರಸ್ತೆಗೆ ಸೇರುವ ಓಣಿಗಳಲ್ಲಿ ಮನೆಗಳಿವೆ, ಅಂಗಡಿಯ ಮಹಡಿಯ ಮೇಲೂ ಸಂಸಾರಗಳಿವೆ. ಹೂ ಮಾರುವ ಒಬ್ಬ ಅಮ್ಮ ನನ್ನ ಅಮ್ಮನನ್ನು ಗುರುತು ಹಿಡಿದು, "ನಿಮ್ಮ ಮಗಳು ಇದೇ ಹೊತ್ತಲ್ಲಿ ಕೆಳಗಡೆ ಹೋದ್ಲು ನೋಡಿ, ಬಳೆ ಅಂಗ್ಡಿಲಿ ಇರ್ಬೇಕು" ಎಂದು ನಾನು ಹೋದ ದಿಕ್ಕನ್ನು ಹೇಳಿದ್ದರು. ಯಾವ ಕ್ಯಾಮೆರಾಕ್ಕೂ ಈ ಬಾಯಿಲ್ಲ. ಶಿಕಾಗೊ ನಗರ 2022ರಲ್ಲಿ ಲಸಾಲ್ ರಸ್ತೆಯ ಹಳೆಯ ಆಫೀಸ್ ಕಟ್ಟಡಗಳನ್ನು ವಾಸದ ಮನೆಗಳಾಗಿ ಬದಲಾಯಿಸುವ ಯೋಜನೆ ಹಾಕಿತು, ಅದಕ್ಕೆ ಸರ್ಕಾರದ ಹಣ ಸುರಿಯುತ್ತಿದೆ. ಪೇಟೆಯಲ್ಲಿ ರಾತ್ರಿ ದೀಪ ಉರಿಯುವ ಕಿಟಕಿಗಳು ಬೇಕು ಎನ್ನುವುದು ಅವರಿಗೆ ಈಗ ಅರಿವಾಗಿದೆ. ನಮ್ಮಲ್ಲಿ ಅವು ಶಿವಪ್ಪನಾಯಕನ ಊರು ಬೆಳೆದಂತೆ ತಾವಾಗೇ ಬೆಳೆದಿವೆ.

ಈ ಸಂಪತ್ತನ್ನು ಒಂದು ವಾಟ್ಸಾಪ್ ಮೆಸೇಜು ಹಾಳು ಮಾಡುತ್ತದೆ ಅನ್ನುವುದೇ ನನ್ನ ಸಂಕಟ. "ಪೇಟೆಯಲ್ಲಿ ಗಲಾಟೆಯಂತೆ" ಎಂದು ಒಬ್ಬರು ಹಾಕಿದರೆ ಸಾಕು, ದುರ್ಗಿಗುಡಿಯಿಂದ ನೆಹರು ರಸ್ತೆಯವರೆಗೆ ಷಟರ್ ಎಳೆಯುವ ಸದ್ದು ಹರಿಯುತ್ತದೆ. ಪಕ್ಕದವರು ಎಳೆದರೆಂದು ಇವರು, ಇವರು ಎಳೆದರೆಂದು ಅವರು. ಅರ್ಧ ಗಂಟೆಯಲ್ಲಿ ಬೀದಿ ಖಾಲಿ. ಖಾಲಿ ಬೀದಿಯ ಫೋಟೊ ಮತ್ತೆ ಅದೇ ಗುಂಪುಗಳಿಗೆ ಹೋಗುತ್ತದೆ, ಅದನ್ನು ನೋಡಿ ಸಾಗರ, ಹೊಸನಗರದವರು ಬಸ್ಸು ಹತ್ತುವುದಿಲ್ಲ. ದಿನದ ಬಂಡವಾಳವನ್ನು ಬೆಳಗಿನ ಮಾರ್ಕೆಟ್ಟಿನಲ್ಲಿ ಹಾಕಿ ಬಂದ ಹೂವಿನವರ ಬುಟ್ಟಿ ಸಂಜೆಗೆ ಬಾಡುತ್ತದೆ. ಅವರ ನಷ್ಟ ಯಾವ ಎಫ್‌ಐಆರ್‌ನಲ್ಲೂ ಬರುವುದಿಲ್ಲ.

ಇನ್ನೂ ಒಂದು ಮಾತಿದೆ, ಕೆಲವರಿಗೆ ಹಿಡಿಸಲಿಕ್ಕಿಲ್ಲ. ಕೋಟೆ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಮೊದಲ ದಿನ ಅಮ್ಮ ಗಾಂಧಿ ಬಜಾರಿನ ತವರು ಮನೆಯಲ್ಲಿ ಕೂರುತ್ತಾಳೆ; ಬೆಳಗಿನ ಜಾವದಿಂದ ಸಾಲು, ಉಡಿ ತುಂಬಲು ಹೆಂಗಸರು, ತುಳಿದಾಟ, ಬೆವರು, ಬೇವಿನ ಸೊಪ್ಪು. ಅಂಥ ನೂಕುನುಗ್ಗಲಲ್ಲೂ ನನಗೆ ಚಿಕ್ಕಂದಿನಲ್ಲಿ ಒಮ್ಮೆಯೂ ಹೆದರಿಕೆ ಆಗಿದ್ದಿಲ್ಲ. 2022ರ ಫೆಬ್ರವರಿಯ ಕೊಲೆಯಾಗಿ ಒಂದು ತಿಂಗಳಿಗೆ ಬಂದ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ಸಿಗಲಿಲ್ಲ. ಸುರಕ್ಷತೆಯ ಹೆಸರಿನಲ್ಲಿ ಪೇಟೆಯಿಂದ ಯಾರನ್ನಾದರೂ ದೂರವಿಟ್ಟಾಗ ಇಬ್ಬರ ಭಯವೂ ಹೆಚ್ಚುತ್ತದೆ. ಬಳೆ ತೊಡಿಸುವವನ ಮುಖ ಪರಿಚಯವಿದ್ದಷ್ಟು ದಿನ ಅವನ ಓಣಿಗೆ ಹೋಗಲು ನಮಗೆ ಹೆದರಿಕೆ ಇರುವುದಿಲ್ಲ, ನಮ್ಮ ಓಣಿಗೆ ಬರಲು ಅವನಿಗೂ ಇರುವುದಿಲ್ಲ. ಕೊಲೆ ಮಾಡಿದವರಿಗೆ ಕಾನೂನಿನ ಶಿಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಬಳೆ ಮಾರುವವನು ಆ ಕೊಲೆಗೆ ಉತ್ತರ ಕೊಡಬೇಕಾಗಿಲ್ಲ.

ಶಿಕಾಗೊದಿಂದ ಕಲಿಯಲು ಏನೂ ಇಲ್ಲವೇ ಎಂದರೆ, ಇದೆ. 2001ರಿಂದ ಈಚೆಗೆ ವರದಿಯಾದ ಪ್ರತಿಯೊಂದು ಅಪರಾಧವನ್ನು ಆ ನಗರ ಎಲ್ಲರಿಗೂ ಕಾಣುವಂತೆ ಇಟ್ಟಿದೆ, ಕೊನೆಯ 7 ದಿನಗಳದ್ದನ್ನು ಬಿಟ್ಟು. ಯಾವ ಮನೆ ಎಂದು ತಿಳಿಯದಂತೆ ವಿಳಾಸವನ್ನು ಬೀದಿಯ ಮಟ್ಟಕ್ಕೆ ನಿಲ್ಲಿಸಿರುತ್ತಾರೆ. ನನ್ನ ಆಫೀಸಿನ ಸುತ್ತ ಕಳೆದ ತಿಂಗಳು ಎಷ್ಟು ಫೋನ್ ಕಿತ್ತುಕೊಂಡರು, ಎಷ್ಟು ಹೊಡೆದಾಟವಾಯಿತು, ಎಷ್ಟರಲ್ಲಿ ಬಂಧನವಾಯಿತು ಎಂದು ನಾನೇ ನೋಡಬಹುದು. 1993ರಲ್ಲಿ ಶುರುವಾದ ಪದ್ಧತಿಯೊಂದರಲ್ಲಿ ನಾಲ್ಕಾರು ಬೀದಿಯ ಜನ ತಮ್ಮ ಬೀಟ್‌ನ ಪೊಲೀಸರ ಜೊತೆ ಕೂತು ಮಾತಾಡುತ್ತಾರೆ. "ಆ ಮೂಲೆಯ ದೀಪ ಕೆಟ್ಟು ಎಷ್ಟು ದಿನವಾಯಿತು" ಎನ್ನುವಂಥ ಸಣ್ಣ ಪ್ರಶ್ನೆ ಅಲ್ಲಿ ಬರುತ್ತದೆ. ಇದರಿಂದ ಅಪರಾಧ ಹೋಯಿತು ಎಂದು ನಾನು ಹೇಳುವುದಿಲ್ಲ, ಜನರ ಭಯವೂ ಹೋಗಿಲ್ಲ. ಆದರೆ ಹಬ್ಬಿದ ಸುದ್ದಿ ನಿಜವೋ ಸುಳ್ಳೋ ಎಂದು ನೋಡಲು ಒಂದು ಜಾಗವಿದೆ.

ಶಿವಮೊಗ್ಗದಲ್ಲಿ ಗಣಪತಿ ಹಬ್ಬಕ್ಕೆ, ಈದ್‌ಗೆ ಮುಂಚೆ ಶಾಂತಿ ಸಭೆ ನಡೆಯುತ್ತದೆ. ವೇದಿಕೆಯ ಮೇಲೆ ಅಧಿಕಾರಿಗಳು, ಜನಪ್ರತಿನಿಧಿಗಳು, ಎರಡೂ ಕಡೆಯ ಮುಖಂಡರು. ಅದು ಬೇಕು. ಆದರೆ ಹಬ್ಬವಿಲ್ಲದ ದಿನಗಳಲ್ಲಿ ಓಣಿಯ ಹೆಂಗಸರನ್ನು, ಅಂಗಡಿಯ ಕೆಲಸದ ಹುಡುಗಿಯರನ್ನು, ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಆಟೊ ನಿಲ್ಲಿಸುವವರನ್ನು ಕೂರಿಸಿಕೊಂಡು ಕೇಳುವವರು ಯಾರು? ಪೊಲೀಸರು ಸಂಜೆ ಹೊತ್ತು ಕಾಲ್ನಡಿಗೆ ಗಸ್ತು ತಿರುಗುತ್ತಾರೆ, ಕುಡಿದು ತೂರಾಡುವವರ ಮೇಲೆ, ಗಾಂಜಾ ಸೇದುವವರ ಮೇಲೆ ಕೇಸು ಹಾಕುತ್ತಾರೆ. ಒಳ್ಳೆಯದೇ. ಆ ಗಸ್ತು ಬರೀ ಲಾಠಿ ತೋರಿಸಲು ಆಗದೆ, ನಿಂತು ನಾಲ್ಕು ಮಾತು ಕೇಳುವುದೂ ಆಗಬೇಕು.

ಲೆಕ್ಕದ ವಿಚಾರಕ್ಕೆ ಬಂದರೆ ನಮಗೆ ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಆದೇಶಿಸಿದೆ. ಸಾಮಗ್ರಿ ಪೊಲೀಸರ ಕೈಯಲ್ಲೇ ಇದೆ. ಅದನ್ನು ತಿಂಗಳಿಗೊಮ್ಮೆ ಠಾಣೆವಾರು ಕೂಡಿಸಿ, ದೊಡ್ಡಪೇಟೆ ಠಾಣೆ, ಕೋಟೆ ಠಾಣೆ, ತುಂಗಾನಗರ ಠಾಣೆ ಎಂದು ಜನರಿಗೆ ಅರ್ಥವಾಗುವ ಕನ್ನಡದಲ್ಲಿ ಒಂದು ಪುಟ ಹಾಕಿದರೆ ಸಾಕು. ಗಲಾಟೆಯ ದಿನವಂತೂ ಗಂಟೆಗೊಂದು ಮಾತು: ಎಲ್ಲಿ ಆಗಿದೆ, ಎಲ್ಲಿ ಆಗಿಲ್ಲ, ಯಾವ ರಸ್ತೆ ತೆರೆದಿದೆ. ಅಧಿಕಾರಿಗಳು ಸುಮ್ಮನಿದ್ದ ಆ ಎರಡು ಮೂರು ತಾಸಿನಲ್ಲೇ ಗಾಳಿಸುದ್ದಿ ಮಂಡಗದ್ದೆ ದಾಟಿರುತ್ತದೆ. ಹಾಗೇ ಒಂದು ಬಡಾವಣೆಯಲ್ಲಿ ಕಲ್ಲು ಬಿದ್ದರೆ ಆ ಬಡಾವಣೆಗೆ ನಿರ್ಬಂಧ ಹಾಕಲಿ. ಇಡೀ ಊರಿನ ಬಾಗಿಲು ಹಾಕಿಸುವುದು ಅನಿವಾರ್ಯವೇ ಎಂದು ಪ್ರತಿ ಸಲವೂ ಕೇಳಿಕೊಳ್ಳಲಿ. 144ನೇ ಸೆಕ್ಷನ್ 2024ರ ಜುಲೈಯಿಂದ ಹೊಸ ಕಾಯ್ದೆಯಲ್ಲಿ 163 ಆಗಿದೆ. ನಂಬರ್ ಬದಲಾದರೂ ಹೂವಿನ ಬುಟ್ಟಿಯ ಪಾಡು ಅದೇ.

ಗಾಂಧಿ ಬಜಾರಿಗೆ ಹೆದರುವ ನಮ್ಮ ಜನ ಯಾವುದಕ್ಕೆ ಹೆದರುವುದಿಲ್ಲ ಎನ್ನುವುದನ್ನೂ ನೋಡಬೇಕು. 2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ಅದೇ ವರ್ಷ ರಸ್ತೆ ಅಪಘಾತದಲ್ಲಿ ಸತ್ತವರು 1,68,491. ಆ ಮನೆಯವರು ಸೀರೆ ತರಲು ಶಿವಮೊಗ್ಗವನ್ನು ದಾಟಿ ದಾವಣಗೆರೆಗೆ ಹೋಗಿಬಂದ ಹೆಚ್ಚಿನ ದಾರಿಯೇ ಪೇಟೆಗಿಂತ ದೊಡ್ಡ ಅಪಾಯವಾಗಿತ್ತು. ನಮ್ಮ ಕಡೆಯ ಒಂಟಿ ಮನೆಗಳನ್ನೂ ನೋಡಿ: ತೋಟದ ನಡುವೆ, ಕೂಗಿದರೂ ಪಕ್ಕದ ಮನೆಗೆ ಕೇಳದ ದೂರದಲ್ಲಿ, ಮಕ್ಕಳೆಲ್ಲ ಬೆಂಗಳೂರು, ಅಮೆರಿಕ ಸೇರಿದ ಮೇಲೆ ಗಂಡ ಹೆಂಡತಿ ಇಬ್ಬರೇ ಮುದುಕರು. ಅಂಗಳದಲ್ಲಿ ಒಣಗುವ ಅಡಿಕೆ, ಕಪಾಟಿನಲ್ಲಿ ಬಂಗಾರ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಸಿಗ್ನಲ್ ಇದ್ದರೆ "ಪೊಲೀಸ್ ಆಫೀಸರ್ ಮಾತಾಡ್ತಿರೋದು, ನಿಮ್ಮ ಮೇಲೆ ಕೇಸಿದೆ" ಎಂದು ವಿಡಿಯೊ ಕಾಲ್ ಮಾಡಿ ಬ್ಯಾಂಕಿನ ದುಡ್ಡು ಬಳಿದುಕೊಳ್ಳುವ ಮೋಸಗಾರರು. ಅಪ್ಪ ಅಮ್ಮನಿಗೆ "ಪೇಟೆಗೆ ಹೋಗಬೇಡಿ" ಎಂದು ಫೋನ್ ಮಾಡುವ ನನ್ನಂಥ ಹೊರನಾಡಿನ ಮಕ್ಕಳು ಈ ಮನೆಗಳ ಬಗ್ಗೆ ಯೋಚಿಸಲಿ. 112 ಮತ್ತು ಸೈಬರ್ ವಂಚನೆಯ 1930 ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಪಕ್ಕದ ಗೋಡೆಗೆ ಅಂಟಿಸಲು ಹೇಳಲಿ. ಬೀಟ್ ಪೊಲೀಸರ ನಂಬರ್ ಇಸಿದುಕೊಳ್ಳಲಿ. ಕೇರಿಯ ಹುಡುಗರಿಬ್ಬರಿಗೆ ವಾರಕ್ಕೊಮ್ಮೆ ಮನೆ ಕಡೆ ಬಂದುಹೋಗಲು ಹೇಳಿ, ಅದರ ಖರ್ಚು ಕೊಡಲಿ.

ಪೇಟೆಯ ವಿಚಾರಕ್ಕೆ ನನ್ನ ಬೇಡಿಕೆ ದೊಡ್ಡದಲ್ಲ. ಗಾಂಧಿ ಬಜಾರಿನ ಅಂಗಡಿಗಳು ಒಂಬತ್ತಕ್ಕೆ ಷಟರ್ ಎಳೆದ ಮೇಲೂ ಓಣಿಗಳಲ್ಲಿ ದೀಪ ಇರಲಿ. ಅಂಗಡಿ ಮುಗಿಸಿ ಹೊರಡುವ ಹೆಣ್ಣುಮಕ್ಕಳಿಗೆ ಗೋಪಾಳ, ವಿನೋಬನಗರದ ಕಡೆಗೆ ಹತ್ತರವರೆಗೂ ಸಿಟಿ ಬಸ್ ಓಡಲಿ. ಆ ಹೊತ್ತಿಗೆ ಅವರು ಆಟೊಗೆ ಕೊಡುವ ದುಡ್ಡು ದಿನದ ಕೂಲಿಯಲ್ಲಿ ದೊಡ್ಡ ಪಾಲು. ಬಸ್ ಸ್ಟ್ಯಾಂಡಿನ ಹೆಂಗಸರ ಶೌಚಾಲಯ ರಾತ್ರಿಯೂ ತೆರೆದಿರಲಿ. ಮತ್ತು ಚಿಕ್ಕಮ್ಮ, ಮುಂದಿನ ಮದುವೆಯ ಜವಳಿಗೆ ನಾನು ರಜೆ ಹಾಕಿ ಬರುತ್ತೇನೆ, ಹೆಣ್ಣುಮಕ್ಕಳನ್ನೆಲ್ಲ ಕರೆದುಕೊಂಡು ಗಾಂಧಿ ಬಜಾರಿಗೇ ಹೋಗೋಣ.