ಬಳೆ ಕುಟ್ಟುವವರು

ನಮ್ಮವಳ ಕೈಯಲ್ಲಿ ಜೇಡ್ ಎಂಬ ಕಲ್ಲಿನದೆಂದು ಹಾಂಗ್‌ಕಾಂಗ್‌ನಿಂದ ತಂದ ಹಸಿರು ಬಳೆ ಇದೆ. ಮನೆಗೆ ಬಂದವರು ಕಾಫಿ ಮುಗಿಸುವ ಮೊದಲೇ ಕೇಳುತ್ತಾರೆ, "ಒರಿಜಿನಲ್ ಜೇಡಾ?" ಉತ್ತರಕ್ಕೂ ಕಾಯುವುದಿಲ್ಲ. ಉಗುರಿನಿಂದ ಟಣ್ ಅಂತ ಒಂದು ಏಟು, ತೆಂಗಿನಕಾಯಿ ಆರಿಸುವವರ ಹಾಗೆ.

ನಿಜವಾದದ್ದು ಗಂಟೆಯಂತೆ ನುಡಿಯುತ್ತದಂತೆ. ಆಸಿಡ್‌ನಲ್ಲಿ ತೊಳೆದು ಅಂಟು ತುಂಬಿದ 'ಬಿ' ಬಗೆಯದು ಮಂಕಾಗಿ ಸದ್ದು ಮಾಡುತ್ತದಂತೆ. ಬಣ್ಣ ಹಾಕಿದ್ದು 'ಸಿ'. 'ಎ' ಅಂದರೆ ಭಾರೀ ಚೆನ್ನಾದ ಕಲ್ಲು ಅಂತಲ್ಲ, ಮೇಣದ ಹೊಳಪು ಬಿಟ್ಟು ಬೇರೇನೂ ಮಾಡಿಲ್ಲ ಅಂತ ಅಷ್ಟೇ. ಇದನ್ನು ಹೇಳಿದರೆ ಯಾರಿಗೆ ಬೇಕು! ಅಂಟು ಖಾತ್ರಿಯಾಗಿ ಪತ್ತೆಯಾಗುವುದು ಲ್ಯಾಬಿನ ಇನ್‌ಫ್ರಾರೆಡ್ ಪರೀಕ್ಷೆಯಲ್ಲಿ. ನಮ್ಮ ನೆಂಟರ ಉಗುರಿಗೆ ಲ್ಯಾಬಿನ ಹಂಗಿಲ್ಲ.

ಹಿಂದೆ ಹಾಂಗ್‌ಕಾಂಗ್‌ನ ಜೇಡ್ ವ್ಯಾಪಾರಿಗಳು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದರಂತೆ. ಕೇಳಿದ್ದೇ ತಡ, ನನಗೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನೆನಪಾಯಿತು. ನಮ್ಮ ದೊಡ್ಡಪ್ಪ ಟವೆಲ್ಲಿನ ಕೆಳಗೆ ಕೈ ಹಾಕಿ ಹಳ್ಳಿಕಾರ್ ಜೋಡಿ ತಂದಿದ್ದು ಅಲ್ಲಿಂದಲೇ. ಬಾಯಿ ಬಿಡಿಸಿ ಹಲ್ಲು ನೋಡಿದ್ದರು. ಸುಳಿ ನೋಡಿದ್ದರು. ನಾಲ್ಕು ಹೆಜ್ಜೆ ನಡೆಸಿದ್ದರು. ಹೆರೆದು ಎಣ್ಣೆ ಹಚ್ಚಿದ ಕೊಂಬು ಮಿರಮಿರ ಹೊಳೆಯುತ್ತಿತ್ತು. ಮನೆಗೆ ತಂದು ನೇಗಿಲು ಕಟ್ಟಿದರೆ, ಎಡಗಡೆಯದು ಎರಡನೇ ಸಾಲಿಗೇ ಮಲಗಿಬಿಟ್ಟಿತು. ಬಾಲ ತಿರುಚಿದರೂ ಏಳಲಿಲ್ಲ, ಮೆಲುಕು ಹಾಕಿತು.

"ಹಲ್ಲು ನೋಡಿದ್ರಿ, ಸುಳಿ ನೋಡಿದ್ರಿ. ಗೇಯೋಕೆ ಮನಸ್ಸಿದೆಯಾ ಅಂತ ಅದನ್ನೊಂದು ಮಾತು ಕೇಳಿದ್ರಾ?" ಅಂದರು ದೊಡ್ಡಮ್ಮ.

ದೊಡ್ಡಪ್ಪ ಅದನ್ನು ಮಾರಲಿಲ್ಲ. ಅದು ಗೇಯದೆ ಒಂಬತ್ತು ವರ್ಷ ಹುಲ್ಲು ತಿಂದಿತು. ಊರಿಗೆ ಬಂದವರೆಲ್ಲ "ಇದೇನಾ ಆ ಎತ್ತು?" ಅಂತ ಬಾಯಿ ಬಿಡಿಸಿ ನೋಡುವವರೇ. ಹಲ್ಲಿಗೂ ಸೋಮಾರಿತನಕ್ಕೂ ಏನು ಸಂಬಂಧವೋ! ಅದೂ ಕೊನೆಕೊನೆಗೆ ಯಾರಾದರೂ ಹತ್ತಿರ ಬಂದರೆ ತಾನೇ ಬಾಯಿ ತೆರೆಯುತ್ತಿತ್ತು ಅಂತ ದೊಡ್ಡಪ್ಪ ಹೇಳುತ್ತಿದ್ದರು. ನಾನು ನಂಬಲ್ಲ.

ಬಳೆಯ ವಿಷಯ. 'ಇಂಡಿಯನ್ ಜೇಡ್' ಅಂತ ಮಾರುವ ಹಸಿರು ಕಲ್ಲೊಂದಿದೆ. ಅದು ಜೇಡ್ ಅಲ್ಲವೇ ಅಲ್ಲ, ಅವೆಂಚುರಿನ್ ಎಂಬ ಬೆಣಚುಕಲ್ಲು. ನಮ್ಮ ಮೈಸೂರು ಸೀಮೆಯಲ್ಲೂ ಸಿಗುತ್ತದೆ. ನಮ್ಮದು ಅದೇ ಆಗಿದ್ದರೆ, ಮನೆ ಹಿತ್ತಲ ಕಲ್ಲನ್ನು ವಿಮಾನದಲ್ಲಿ ಹೋಗಿ ದುಡ್ಡು ಕೊಟ್ಟು ತಂದ ಹಾಗಾಯಿತು. ಇದನ್ನು ನಮ್ಮವಳಿಗೆ ಇನ್ನೂ ಹೇಳಿಲ್ಲ.

ಲ್ಯಾಬಿಗೆ ಕೊಡೋಣ ಅಂದರೆ ಬಳೆ ಕೈ ಬಿಟ್ಟು ಬರುತ್ತಿಲ್ಲ. ಸೋಪು, ಕೊಬ್ಬರಿ ಎಣ್ಣೆ ಎಲ್ಲ ಆಯಿತು. ಮೊನ್ನೆ ಮೇಲಿನ ಮನೆ ಆಂಟಿ ಬಂದಿದ್ದರು. ಅವರು ಚಮಚ ಮನೆಯಿಂದಲೇ ತಂದಿದ್ದರು.